ಹಲ್ಲಿನ ಇಂಪ್ಲಾಂಟ್ ಹಾಕಲು ಸಾಮಾನ್ಯ ದಂತವೈದ್ಯರು ಏನೇನು ಕಲಿಯಬೇಕು?

ಹಲ್ಲು ಕೀಳಿಸಿಕೊಂಡವರಿಗೆ ಡಾಕ್ಟರು ಈಗ ಮೂರು ದಾರಿ ಹೇಳುತ್ತಾರೆ: ತೆಗೆದು ಹಾಕುವ ಸೆಟ್‌ಹಲ್ಲು, ಅಕ್ಕಪಕ್ಕದ ಹಲ್ಲು ಅರೆದು ಅವುಗಳ ಆಸರೆಯಲ್ಲಿ ಕೂರಿಸುವ ಬ್ರಿಡ್ಜ್, ಇಲ್ಲವೇ ಇಂಪ್ಲಾಂಟ್. ಮೂರನೆಯದು ಒಂದು ಕಾಲಕ್ಕೆ ಬಹುಮಟ್ಟಿಗೆ ಬಾಯಿಯ ಶಸ್ತ್ರಚಿಕಿತ್ಸಕರ ಮತ್ತು ಒಸಡಿನ ತಜ್ಞರ ಕೆಲಸವಾಗಿತ್ತು. ಈಗ ಹುಳುಕು ತುಂಬುವ, ರೂಟ್ ಕೆನಾಲ್ ಮಾಡುವ ಸಾಮಾನ್ಯ ದಂತವೈದ್ಯರೂ ಹಾಕುತ್ತಾರೆ. ಪದವಿ ಓದುವಾಗ ಇಂಪ್ಲಾಂಟ್ ಬಗ್ಗೆ ಪಾಠ ಕೇಳಿದ್ದರೂ ಸ್ವತಃ ಹಾಕಿ ಕಲಿಯುವ ಅವಕಾಶ ಸಾಮಾನ್ಯವಾಗಿ ಕಡಿಮೆ. ಆ ಕೊರತೆ ತುಂಬುವುದಕ್ಕೇ ಬುನಾದಿ ತರಬೇತಿ, ಅಂದರೆ ಫೌಂಡೇಶನ್ ಕೋರ್ಸ್ ಇರುವುದು. ಅಲ್ಲಿ ಏನು ಕಲಿಸುತ್ತಾರೆ, ಕಲಿತವರು ಎಲ್ಲಿಗೆ ನಿಲ್ಲಬೇಕು ಎನ್ನುವುದು ಬಾಯಿ ತೆರೆದು ಕುರ್ಚಿಯಲ್ಲಿ ಕೂರುವವರಿಗೂ ಗೊತ್ತಿದ್ದರೆ ಒಳ್ಳೆಯದು.

ಇಂಪ್ಲಾಂಟ್‌ನಲ್ಲಿ ಏನೇನಿರುತ್ತದೆ

ಇಂಪ್ಲಾಂಟ್ ಹಲ್ಲಿನ ಬೇರಿಗೆ ಬದಲಿ. ಮೂಳೆಯೊಳಗೆ ಕೂರುವ ಟೈಟಾನಿಯಂ ಸ್ಕ್ರೂವಿಗೆ ಫಿಕ್ಸ್‌ಚರ್ ಎನ್ನುತ್ತಾರೆ. ಹೆಚ್ಚಾಗಿ ಬಳಸುವ ಅಳತೆಗಳಲ್ಲಿ ಅದರ ವ್ಯಾಸ 3.5ರಿಂದ 5 ಮಿ.ಮೀ., ಉದ್ದ 8ರಿಂದ 13 ಮಿ.ಮೀ. ಅದರ ಮೇಲೆ ಒಸಡನ್ನು ದಾಟಿ ಬಾಯೊಳಕ್ಕೆ ಬರುವ ಕೊಂಡಿಯೇ ಅಬಟ್‌ಮೆಂಟ್. ಅದರ ಮೇಲೆ ಕೂರುವ, ಕಣ್ಣಿಗೆ ಹಲ್ಲಾಗಿ ಕಾಣುವ ಭಾಗ ಕ್ರೌನ್. ಅಬಟ್‌ಮೆಂಟನ್ನು ಫಿಕ್ಸ್‌ಚರ್‌ಗೆ ಹಿಡಿದಿಡುವ ಇನ್ನೊಂದು ಪುಟ್ಟ ಸ್ಕ್ರೂ ಒಳಗಿರುತ್ತದೆ. ಮುಂದೆ ಸಡಿಲವಾಗಿ ತೊಂದರೆ ಕೊಡುವುದು ಹೆಚ್ಚಾಗಿ ಇದೇ.

ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೂಳೆಯೊಳಗಿನ ರಕ್ತಸಂಚಾರ ನೋಡಲೆಂದು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಸಾಧನ ಅಳವಡಿಸಿದ್ದರು. ಕೆಲಸ ಮುಗಿದ ಮೇಲೆ ಅದು ಹೊರಬರಲೇ ಇಲ್ಲ. ಮೂಳೆ ಲೋಹಕ್ಕೆ ನೇರವಾಗಿ ಕೂಡಿಕೊಂಡಿತ್ತು. ಈ ಕೂಡಿಕೊಳ್ಳುವಿಕೆಗೆ ಆಸಿಯೊಇಂಟಿಗ್ರೇಶನ್ ಎಂದು ಹೆಸರಾಯಿತು. 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಇಂಪ್ಲಾಂಟ್ ಹಾಕಿದರು.

ಸಹಜ ಹಲ್ಲಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರ ಇರುತ್ತದೆ. ಕಚ್ಚಿದಾಗ ಹಲ್ಲು ಅದರಲ್ಲಿ 25ರಿಂದ 100 ಮೈಕ್ರಾನ್‌ವರೆಗೆ ಅಲುಗುತ್ತದೆ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ), ಒತ್ತಡ ಜಾಸ್ತಿಯಾದರೆ ಮಿದುಳಿಗೆ ಸುದ್ದಿಯೂ ಹೋಗುತ್ತದೆ. ಇಂಪ್ಲಾಂಟ್‌ಗೆ ಆ ಪದರವೇ ಇಲ್ಲ. ಅದರ ಅಲುಗಾಟ 3ರಿಂದ 5 ಮೈಕ್ರಾನ್ ಮಾತ್ರ. ಕೋರ್ಸಿನ ಅರ್ಧದಷ್ಟು ನಿಯಮಗಳು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿವೆ ಎನ್ನಬಹುದು.

ಯಾರಿಗೆ ಹಾಕಬಾರದು, ಯಾರಿಗೆ ಈಗಲೇ ಬೇಡ

ಒಳ್ಳೆಯ ತರಬೇತಿ ಶುರುವಾಗುವುದು ರೋಗಿಯ ಜೊತೆಗಿನ ಮಾತಿನಿಂದ. ಡ್ರಿಲ್ ಮುಟ್ಟುವುದು ಎಷ್ಟೋ ಆಮೇಲೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದವರಿಗೆ ಇಂಪ್ಲಾಂಟ್ ಹಾಕಬಹುದು. ಹತೋಟಿ ತಪ್ಪಿದ್ದರೆ ಗಾಯ ಮಾಯುವುದು ತಡ, ಸೋಂಕು ಬೇಗ. ಆ ದಿನದ ಸಕ್ಕರೆ ಅಂಶ ನೋಡಿದರೆ ಸಾಲದು, ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೇಳಬೇಕು. ಬೀಡಿ-ಸಿಗರೇಟು ಒಸಡಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ, ವೈಫಲ್ಯವನ್ನು ಹೆಚ್ಚಿಸುತ್ತದೆ. ಒಸಡಿನ ರೋಗದಿಂದ ಕೀವು ಸೋರುತ್ತಿರುವ ಬಾಯಿಗೆ ಮೊದಲು ಆ ಚಿಕಿತ್ಸೆಯೇ ಆಗಬೇಕು. ಹಲ್ಲಿನ ಸುತ್ತಲಿನ ಮೂಳೆ ತಿಂದ ಬ್ಯಾಕ್ಟೀರಿಯಾ ಇಂಪ್ಲಾಂಟ್ ಸುತ್ತಲಿನ ಮೂಳೆಯನ್ನೂ ಬಿಡುವುದಿಲ್ಲ.

ಅತ್ಯಂತ ಎಚ್ಚರದಿಂದ ಕೇಳಬೇಕಾದ್ದು ಮೂಳೆ ಸವೆತದ ಔಷಧಿಯ ಬಗ್ಗೆ. ಬಿಸ್‌ಫಾಸ್ಫೊನೇಟ್ ಗುಂಪಿನ ಮಾತ್ರೆ ಅಥವಾ ಇಂಜೆಕ್ಷನ್, ಡೆನೊಸುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ದವಡೆಯ ಮೂಳೆ ಮಾಯದೆ ಸತ್ತು ಹೊರಗೆ ಕಾಣಿಸಿಕೊಳ್ಳುವ ಅಪಾಯವಿದೆ. ಕ್ಯಾನ್ಸರ್‌ಗಾಗಿ ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು. ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಚುಚ್ಚಿಸಿಕೊಂಡ ಇಂಜೆಕ್ಷನ್ನಿಗೂ ಹಲ್ಲಿಗೂ ಏನು ಸಂಬಂಧ ಎಂದುಕೊಂಡು ರೋಗಿ ಅದನ್ನು ಹೇಳುವುದೇ ಇಲ್ಲ. ಅದಕ್ಕೇ "ಯಾವುದಾದರೂ ಮಾತ್ರೆ ತಗೋತೀರಾ?" ಎಂದು ಕೇಳಿ ಸುಮ್ಮನಾಗಬಾರದು, "ಮೂಳೆ ಗಟ್ಟಿಯಾಗಲಿ ಅಂತ ಯಾವತ್ತಾದರೂ ಇಂಜೆಕ್ಷನ್ ಕೊಟ್ಟಿದ್ದಾರಾ?" ಎಂದು ಬಿಡಿಸಿ ಕೇಳಬೇಕು. ತಲೆ-ಕುತ್ತಿಗೆಗೆ ರೇಡಿಯೇಶನ್ ಆಗಿದ್ದರೆ ಆ ಕೇಸು ತಜ್ಞರದ್ದು.

ಹದಿಹರೆಯದವರಿಗೆ ಕಾಯಲು ಹೇಳಬೇಕು. ದವಡೆ ಬೆಳೆಯುತ್ತಿರುವಾಗ ಪಕ್ಕದ ಹಲ್ಲುಗಳು ಅದರ ಜೊತೆ ಸರಿಯುತ್ತವೆ, ಇಂಪ್ಲಾಂಟ್ ಸರಿಯುವುದಿಲ್ಲ. ಕೆಲವೇ ವರ್ಷಗಳಲ್ಲಿ ಅದು ಒಳಗೆ ಹೂತುಹೋದಂತೆ ಕಾಣುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದವರಲ್ಲಿ ಸ್ಕ್ರೂ ಸಡಿಲವಾಗುವುದು, ಕ್ರೌನ್ ಚಕ್ಕೆಯೇಳುವುದು ಜಾಸ್ತಿ.

ಲೆಕ್ಕ ಹಾಕುವುದು ಹಲ್ಲಿನಿಂದ ಮೂಳೆಯ ಕಡೆಗೆ

ಹೊಸಬರು ಮೂಳೆ ಎಲ್ಲಿ ಚೆನ್ನಾಗಿದೆ ಎಂದು ನೋಡಿ ಅಲ್ಲಿ ಸ್ಕ್ರೂ ಹಾಕಲು ಹೊರಡುತ್ತಾರೆ. ಆಮೇಲೆ ಕ್ರೌನ್ ಮಾಡಲು ಹೋದರೆ ಹಲ್ಲು ತುಟಿಯ ಕಡೆಗೋ ನಾಲಿಗೆಯ ಕಡೆಗೋ ವಾಲಿರುತ್ತದೆ. ತರಬೇತಿ ಈ ಕ್ರಮವನ್ನು ತಿರುಗಿಸುತ್ತದೆ. ಮೊದಲು ಬಾಯಿಯ ಅಚ್ಚಿನ ಮೇಲೆ ಮೇಣದಲ್ಲೋ ಕಂಪ್ಯೂಟರಿನಲ್ಲೋ ಬೇಕಾದ ಹಲ್ಲನ್ನು ಕೂರಿಸಬೇಕು. ಆ ಹಲ್ಲಿನ ನಡುವಿನಿಂದ ಕೆಳಗೆ ಗೆರೆ ಎಳೆದರೆ ಸ್ಕ್ರೂ ಎಲ್ಲಿರಬೇಕು ಎಂದು ತಿಳಿಯುತ್ತದೆ. ಅಲ್ಲಿ ಮೂಳೆ ಇದೆಯೇ ಎಂದು ನೋಡುವುದು ಕೊನೆಗೆ.

ಬಾಯಿಪಾಠ ಆಗಬೇಕಾದ ಅಂತರಗಳು ಕೆಲವೇ. ಇಂಪ್ಲಾಂಟ್‌ಗೂ ಪಕ್ಕದ ಸಹಜ ಹಲ್ಲಿಗೂ ನಡುವೆ ಕನಿಷ್ಠ 1.5 ಮಿ.ಮೀ., ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ., ಕೆನ್ನೆಯ ಕಡೆ ಉಳಿಯುವ ಮೂಳೆಯ ದಪ್ಪ 1.5ರಿಂದ 2 ಮಿ.ಮೀ., ಕೆಳದವಡೆಯ ನರದ ಮೇಲೆ 2 ಮಿ.ಮೀ. ಬಿಡಬೇಕು. ಮೊದಲ ಅಂತರದ ಲೆಕ್ಕದಲ್ಲಿ 4 ಮಿ.ಮೀ. ವ್ಯಾಸದ ಇಂಪ್ಲಾಂಟ್ ಹಾಕಲು ಎರಡು ಹಲ್ಲುಗಳ ನಡುವೆ ಕಡೇಪಕ್ಷ 7 ಮಿ.ಮೀ. ಜಾಗ ಬೇಕು. ಇದಕ್ಕಿಂತ ಒತ್ತಾದರೆ ನಡುವಿನ ತೆಳು ಮೂಳೆಗೆ ರಕ್ತ ಸಾಲದೆ ಅದು ಕರಗುತ್ತದೆ, ಅದರ ಮೇಲಿನ ಒಸಡು ಇಳಿಯುತ್ತದೆ, ಹಲ್ಲುಗಳ ಸಂದಿಯಲ್ಲಿ ಕಪ್ಪು ತ್ರಿಕೋನ ಕಾಣಿಸಿಕೊಳ್ಳುತ್ತದೆ.

ನರದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳದವಡೆಯೊಳಗೆ ಒಂದು ಕೊಳವೆಯಲ್ಲಿ ಸಾಗುವ ನರ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ಮೂಳೆಯ ತುದಿಯಿಂದ ಆ ಕೊಳವೆಗೆ 13 ಮಿ.ಮೀ. ಇದೆ ಎಂದುಕೊಳ್ಳಿ. ಸುರಕ್ಷೆಗೆ 2 ಕಳೆದರೆ 11. ಹಾಗಾದರೆ 11 ಮಿ.ಮೀ. ಇಂಪ್ಲಾಂಟ್ ಹಾಕಬಹುದೇ? ಹಾಕಬಾರದು. ಹಲವು ಕಂಪನಿಗಳ ಡ್ರಿಲ್‌ಗಳಲ್ಲಿ ಆಳದ ಗುರುತು ಶುರುವಾಗುವುದು ಚೂಪು ತುದಿಯ ಮೇಲಿನಿಂದ. ಆ ತುದಿ ಗುರುತಿಗಿಂತ 1 ಮಿ.ಮೀ.ವರೆಗೂ ಕೆಳಕ್ಕೆ ಚಾಚಿರುತ್ತದೆ. 11ರ ಗುರುತಿಗೆ ನಿಲ್ಲಿಸಿದ ಡ್ರಿಲ್‌ನ ತುದಿ ನಿಜಕ್ಕೂ 12ರಲ್ಲಿರುತ್ತದೆ. ಆದ್ದರಿಂದ ಇಲ್ಲಿ 10 ಮಿ.ಮೀ. ಇಂಪ್ಲಾಂಟೇ ಸರಿ. ತಾವು ಬಳಸುವ ಕಿಟ್‌ನ ಈ ಹೆಚ್ಚುವರಿ ಎಷ್ಟು ಎಂದು ಕೈಪಿಡಿ ತೆಗೆದು ನೋಡದೆ ಯಾರೂ ಕೆಳದವಡೆಗೆ ಡ್ರಿಲ್ ಇಳಿಸಬಾರದು.

ಈ 13 ಎಂಬ ಅಂಕಿ ಎಲ್ಲಿಂದ ಬಂತು ಎನ್ನುವುದೂ ಮುಖ್ಯ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್-ರೇ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. 5 ಮಿ.ಮೀ. ಉಕ್ಕಿನ ಗುಂಡು ಇಟ್ಟು ತೆಗೆದ ಚಿತ್ರದಲ್ಲಿ ಗುಂಡು 6.25 ಮಿ.ಮೀ. ಕಂಡರೆ, ಆ ಜಾಗದ ಅಳತೆಯನ್ನು 1.25ರಿಂದ ಭಾಗಿಸಬೇಕು. ಮೂಳೆಯ ಅಗಲವಂತೂ ಓಪಿಜಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಮೇಲೆ ಒಸಡು ದಪ್ಪಗಿದ್ದರೆ ಬೆರಳಿಗೆ ಅದು ಗೊತ್ತಾಗುವುದಿಲ್ಲ.

ಡ್ರಿಲ್ ಕೈಗೆ ಬಂದಾಗ

ತರಬೇತಿಯಲ್ಲಿ ಮೊದಲ ರಂಧ್ರಗಳು ಪ್ಲಾಸ್ಟಿಕ್ ದವಡೆಯಲ್ಲಿ, ಆಮೇಲೆ ಹಂದಿಯಂಥ ಪ್ರಾಣಿಯ ದವಡೆಯಲ್ಲಿ. ಪ್ಲಾಸ್ಟಿಕ್ ಎಲ್ಲ ಕಡೆ ಒಂದೇ ಗಟ್ಟಿ, ಮೂಳೆ ಹಾಗಲ್ಲ. ಹೊರಗಿನ ಗಟ್ಟಿ ಪದರ ದಾಟಿದ ಕ್ಷಣ ಡ್ರಿಲ್ ಒಮ್ಮೆಗೇ ಒಳಕ್ಕೆ ಜಾರುತ್ತದೆ. ಆ ಜಾರುವಿಕೆ ಬೆರಳಿಗೆ ಪರಿಚಯವಾಗಬೇಕಾದರೆ ನಿಜವಾದ ಮೂಳೆಯೇ ಬೇಕು.

ಕ್ರಮ ಹೀಗೆ. ಅರಿವಳಿಕೆ ಕೊಟ್ಟು, ಮೂಳೆಯ ತುದಿಯ ಉದ್ದಕ್ಕೂ ಒಸಡು ಸೀಳಿ, ಬಿಡಿಸಿ ಮೂಳೆ ಕಾಣುವಂತೆ ಮಾಡುತ್ತಾರೆ. ಚೂಪು ಡ್ರಿಲ್‌ನಿಂದ ಜಾಗ ಗುರುತಿಸಿ, 2 ಮಿ.ಮೀ. ಸುತ್ತಿನ ಪೈಲಟ್ ಡ್ರಿಲ್ ಇಳಿಸುತ್ತಾರೆ. ಅಲ್ಲಿ ನಿಲ್ಲಬೇಕು. ರಂಧ್ರದಲ್ಲಿ ದಿಕ್ಕು ತೋರಿಸುವ ಪಿನ್ ಇಟ್ಟು, ರೋಗಿಗೆ ಬಾಯಿ ಮುಚ್ಚಲು ಹೇಳಿ, ಎದುರಿನ ಹಲ್ಲಿಗೆ ಅದು ಎಲ್ಲಿ ಮುಟ್ಟುತ್ತದೆ ನೋಡಿ, ಒಂದು ಎಕ್ಸ್-ರೇ ತೆಗೆಯಬೇಕು. ಓರೆಯಾಗಿದ್ದರೆ ಈಗ ತಿದ್ದಬಹುದು. ರಂಧ್ರ ಅಗಲವಾದ ಮೇಲೆ ತಿದ್ದಲು ಹೋದರೆ ಅದು ಮೊಟ್ಟೆಯಾಕಾರ ಆಗುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಮೇಲಿನ ಮುಂದಿನ ಹಲ್ಲುಗಳ ಜಾಗದಲ್ಲಿ ಇದು ಇನ್ನೂ ನಾಜೂಕು: ಅಂಗುಳಿನ ಕಡೆಯ ಮೂಳೆ ಗಟ್ಟಿ, ತುಟಿಯ ಕಡೆಯದು ತೆಳು. ಡ್ರಿಲ್ ಗಟ್ಟಿಯಿಂದ ಮೆತ್ತಗಿನ ಕಡೆಗೆ ತಾನೇ ಸರಿಯುತ್ತದೆ. ಹೊಸಬರ ಇಂಪ್ಲಾಂಟ್‌ಗಳು ತುಟಿಯ ಕಡೆಗೆ ವಾಲುವುದಕ್ಕೆ ಒಂದು ಮುಖ್ಯ ಕಾರಣ ಇದು.

ಪೈಲಟ್ ಆದಮೇಲೆ ಒಂದೊಂದೇ ಅಳತೆ ದೊಡ್ಡದಾದ ಡ್ರಿಲ್‌ಗಳು. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 800ರಿಂದ 1,200 ಸುತ್ತು, ಜೊತೆಗೆ ತಣ್ಣನೆಯ ಸಲೈನ್ ಧಾರೆ. ಡ್ರಿಲ್ಲನ್ನು ಒತ್ತಿ ಹಿಡಿಯದೆ ಮೇಲೆ-ಕೆಳಗೆ ಆಡಿಸುತ್ತಿದ್ದರೆ ಸಲೈನ್ ತಳಕ್ಕೆ ಇಳಿಯುತ್ತದೆ, ಮೂಳೆಪುಡಿ ಹೊರಗೆ ಬರುತ್ತದೆ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಕು, ಅದರ ಜೀವಕೋಶಗಳಿಗೆ ಹಾನಿಯಾಗುತ್ತದೆ. ಅರಿವಳಿಕೆಯಲ್ಲಿರುವ ರೋಗಿಗೆ ಇದು ತಿಳಿಯುವುದಿಲ್ಲ, ಡಾಕ್ಟರಿಗೂ ಕಾಣುವುದಿಲ್ಲ. ಇಂಪ್ಲಾಂಟ್ ಕೂಡಿಕೊಳ್ಳದೆ ಉಳಿದದ್ದು ವಾರಗಳು ಕಳೆದ ಮೇಲೆ ಗೊತ್ತಾಗುತ್ತದೆ. ಮೊಂಡಾದ ಡ್ರಿಲ್‌ನಿಂದ ಬಿಸಿ ಹೆಚ್ಚುತ್ತದೆ; ಯಾವ ಡ್ರಿಲ್ ಎಷ್ಟು ಸಲ ಬಳಸಿದ್ದು ಎಂಬ ಪಟ್ಟಿ ಇಡುವುದನ್ನೂ ಕಲಿಸುವುದು ಇದಕ್ಕೇ.

ಕೊನೆಯ ರಂಧ್ರ ಇಂಪ್ಲಾಂಟ್‌ಗಿಂತ ಸ್ವಲ್ಪ ಕಿರಿದಾಗಿರಬೇಕು. ಎಷ್ಟು ಕಿರಿದು ಎನ್ನುವುದು ಮೂಳೆಯ ಜಾತಿಯ ಮೇಲಿದೆ. ಮೂಳೆಯನ್ನು 1ರಿಂದ 4ರವರೆಗೆ ವಿಂಗಡಿಸುತ್ತಾರೆ: ಕೆಳದವಡೆಯ ಮುಂಭಾಗದಲ್ಲಿ ಗಟ್ಟಿ ಮೂಳೆ ಹೆಚ್ಚು, ಮೇಲ್ದವಡೆಯ ಹಿಂಭಾಗದಲ್ಲಿ ಮೆತ್ತಗಿನದು ಹೆಚ್ಚು. ಬಡಗಿ ಮೆತ್ತನೆ ಮರಕ್ಕೆ ಚಿಕ್ಕ ತೂತು ಕೊರೆದು ಸ್ಕ್ರೂ ತಿರುಗಿಸುತ್ತಾನೆ, ಗಟ್ಟಿ ಮರಕ್ಕೆ ತೂತು ಸ್ವಲ್ಪ ದೊಡ್ಡದು ಮಾಡಿಕೊಳ್ಳುತ್ತಾನೆ, ಇಲ್ಲಿಯೂ ಹಾಗೆಯೇ. ಮೆತ್ತನೆ ಮೂಳೆಯಲ್ಲಿ ಕೊನೆಯ ಡ್ರಿಲ್ ಬಿಡಬಹುದು. ಗಟ್ಟಿ ಮೂಳೆಯಲ್ಲಿ ಸ್ಕ್ರೂವಿನ ಸುತ್ತುಗೆರೆಗಳಿಗೆ ಮೊದಲೇ ದಾರಿ ಕೊರೆಯುವ ಟ್ಯಾಪ್ ಬೇಕಾಗಬಹುದು.

ಇಂಪ್ಲಾಂಟನ್ನು ತಿರುಗಿಸುವುದು ನಿಧಾನಕ್ಕೆ, ನಿಮಿಷಕ್ಕೆ 15ರಿಂದ 30 ಸುತ್ತು. ಬಿಗಿತವನ್ನು ನ್ಯೂಟನ್ ಸೆಂಟಿಮೀಟರ್‌ನಲ್ಲಿ ಅಳೆಯುತ್ತಾರೆ. 35ರ ಆಸುಪಾಸು ಬಂದರೆ ನೆಮ್ಮದಿ. ತೀರ ಕಡಿಮೆ ಬಂದರೆ ಇಂಪ್ಲಾಂಟ್ ಅಲುಗಿ, ಸುತ್ತ ಮೂಳೆಯ ಬದಲು ನಾರು ಬೆಳೆಯಬಹುದು. ಬಿಗಿ ಇದ್ದಷ್ಟೂ ಒಳ್ಳೆಯದು ಎಂಬ ಭಾವನೆಯೂ ತಪ್ಪು: ಅತಿಯಾಗಿ ಬಿಗಿದರೆ ಮೂಳೆ ಜಜ್ಜಿ, ರಕ್ತವಿಲ್ಲದೆ ಕರಗುತ್ತದೆ. ಯಂತ್ರ ಮಿತಿ ಮುಟ್ಟಿ ನಿಂತಾಗ ಬಲ ಹಾಕಿ ತಿರುಗಿಸುವ ಬದಲು, ಇಂಪ್ಲಾಂಟ್ ಹಿಂದಕ್ಕೆ ತಿರುಗಿಸಿ ತೆಗೆದು ರಂಧ್ರ ಸರಿಮಾಡಿ ಮತ್ತೆ ಹಾಕುವುದು ಕಲಿತವರ ಲಕ್ಷಣ. ಆಮೇಲೆ ಮೇಲೆ ಮುಚ್ಚಳದ ಸ್ಕ್ರೂ ಹಾಕಿ ಒಸಡು ಪೂರ್ತಿ ಹೊಲಿಯುತ್ತಾರೆ, ಇಲ್ಲವೇ ಒಸಡಿನ ಹೊರಗೆ ಕಾಣುವ ಹೀಲಿಂಗ್ ಅಬಟ್‌ಮೆಂಟ್ ಹಾಕಿ ಅದರ ಸುತ್ತ ಹೊಲಿಯುತ್ತಾರೆ. ಹೊಲಿಗೆ ಬಿಚ್ಚುವುದು 7ರಿಂದ 10 ದಿನಕ್ಕೆ.

ಕಾಯುವ ವಾರಗಳು

ಮೊದಲ ದಿನದ ಬಿಗಿ ಬರೀ ಸ್ಕ್ರೂವಿನ ಹಿಡಿತ. ದೇಹ ಸ್ಕ್ರೂವಿನ ಸುತ್ತಲಿನ ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುವ ನಡುವೆ, ಸುಮಾರು ಎರಡರಿಂದ ನಾಲ್ಕನೇ ವಾರದಲ್ಲಿ ಹಿಡಿತ ತಗ್ಗುತ್ತದೆ. ನೋವು ಹೋಯಿತು ಎಂದು ರೋಗಿ ಆ ಕಡೆಯಿಂದ ಗಟ್ಟಿ ಪದಾರ್ಥ ಅಗಿಯಲು ಶುರುಮಾಡುವುದೂ ಆಗಲೇ. ಹಿಂದೆ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಕಾಯುತ್ತಿದ್ದರು. ಈಗಿನ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೆ ಸರಳ ಕೇಸುಗಳಲ್ಲಿ 6ರಿಂದ 12 ವಾರ ಸಾಕಾಗುತ್ತದೆ.

ಕ್ರೌನ್ ಕೂರಿಸುವುದೂ ಅಷ್ಟೇ ನಾಜೂಕಿನ ಕೆಲಸ

ಸಾಮಾನ್ಯ ದಂತವೈದ್ಯರಿಗೆ ಕ್ರೌನ್ ಹೊಸದಲ್ಲ. ಅದಕ್ಕೇ ಈ ಭಾಗವನ್ನು ಹಗುರವಾಗಿ ತೆಗೆದುಕೊಳ್ಳುವ ಸಾಧ್ಯತೆ ಜಾಸ್ತಿ. ಅಚ್ಚು ತೆಗೆಯುವಾಗ ಇಂಪ್ಲಾಂಟ್‌ಗೆ ಅದರ ಜಾಗವನ್ನು ಅಚ್ಚಿಗೆ ದಾಟಿಸುವ ಕೋಪಿಂಗ್ ಎಂಬ ತುಂಡನ್ನು ಜೋಡಿಸುತ್ತಾರೆ, ಸ್ಕ್ಯಾನರ್ ಇದ್ದರೆ ಸ್ಕ್ಯಾನ್ ಬಾಡಿ. ಅದು ಪೂರ್ತಿ ಕೂತಿದೆಯೇ ಎಂಬುದು ಒಸಡಿನ ಕೆಳಗಿರುವುದರಿಂದ ಕಣ್ಣಿಗೆ ಕಾಣದು. ಎಕ್ಸ್-ರೇ ತೆಗೆದೇ ನೋಡಬೇಕು. ಕೂದಲೆಳೆಯಷ್ಟು ಸಂದಿ ಉಳಿದರೂ ಲ್ಯಾಬ್‌ನಿಂದ ಬರುವ ಹಲ್ಲು ಎತ್ತರವಾಗಿರುತ್ತದೆ.

ಅಬಟ್‌ಮೆಂಟ್ ಸ್ಕ್ರೂವನ್ನು ಕೈಬಿಗಿತಕ್ಕೆ ಬಿಡುವಂತಿಲ್ಲ. ಬಿಗಿಯುವಾಗ ಸ್ಕ್ರೂ ಸೂಕ್ಷ್ಮವಾಗಿ ಹಿಗ್ಗುತ್ತದೆ, ಆ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ತಯಾರಕರು ಹೇಳಿದ ಅಳತೆಗೆ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿದು, 5ರಿಂದ 10 ನಿಮಿಷ ಬಿಟ್ಟು ಅದೇ ಅಳತೆಗೆ ಮತ್ತೊಮ್ಮೆ ಬಿಗಿಯಬೇಕು. ಮೊದಲ ಬಿಗಿತದಲ್ಲಿ ಲೋಹದ ಉಬ್ಬುತಗ್ಗುಗಳು ಒತ್ತಿಕೊಂಡು ಸೆಳೆತ ಸ್ವಲ್ಪ ಇಳಿದಿರುತ್ತದೆ. ಎರಡನೇ ಬಿಗಿತ ಬಿಟ್ಟರೆ ಕೆಲವು ತಿಂಗಳಿಗೆ ಹಲ್ಲು ಅಲುಗುತ್ತದೆ ಎಂದು ರೋಗಿ ವಾಪಸ್ ಬರಬಹುದು. ಸ್ಕ್ರೂವಿನ ತಲೆಯ ಮೇಲೆ ಟೆಫ್ಲಾನ್ ಟೇಪು ತುಂಬಿ, ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಾಕಿ ಮುಚ್ಚುತ್ತಾರೆ. ಬೇಕಾದಾಗ ಅದನ್ನು ತೆರೆದು ಸ್ಕ್ರೂ ಬಿಚ್ಚಬಹುದು. ಸ್ಕ್ರೂ ಬದಲು ಸಿಮೆಂಟ್‌ನಿಂದ ಅಂಟಿಸುವ ಕ್ರೌನ್ ಆದರೆ, ಒಸಡಿನ ಕೆಳಗೆ ಉಳಿದ ಚೂರು ಸಿಮೆಂಟ್ ಮುಂದೆ ಮೂಳೆಯನ್ನೇ ಕರಗಿಸಬಲ್ಲದು.

ಕೊನೆಗೆ ಕಚ್ಚುವಿಕೆ. ಮೈಕ್ರಾನ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಸುಮಾರು 8 ಮೈಕ್ರಾನ್ ದಪ್ಪದ ಲೋಹದ ಹಾಳೆಯನ್ನು ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚಿಸಿದಾಗ ಇಂಪ್ಲಾಂಟ್ ಮೇಲಿನ ಹಾಳೆ ಎಳೆದರೆ ಜಾರಿ ಬರಬೇಕು, ಗಟ್ಟಿಯಾಗಿ ಕಚ್ಚಿಸಿದಾಗ ಹಿಡಿದು ನಿಲ್ಲಬೇಕು. ಗಟ್ಟಿ ಕಚ್ಚಿದಾಗ ಅಕ್ಕಪಕ್ಕದ ಸಹಜ ಹಲ್ಲುಗಳು ಒಳಕ್ಕಿಳಿಯುತ್ತವೆ, ಇಂಪ್ಲಾಂಟ್ ಇಳಿಯುವುದಿಲ್ಲ. ಮೆಲ್ಲಗೆ ಕಚ್ಚಿದಾಗಲೇ ಅದು ಮುಟ್ಟುತ್ತಿದ್ದರೆ ಗಟ್ಟಿ ಕಚ್ಚಿದಾಗ ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಎಡವಟ್ಟಾದಾಗ

ಶಸ್ತ್ರಚಿಕಿತ್ಸೆಯ ದಿನ ಸಂಜೆ ರೋಗಿಗೆ ಫೋನ್ ಮಾಡಿ ತುಟಿಯ ಜೋಮು ಇಳಿಯಿತೇ ಎಂದು ಕೇಳುವುದು ಔಪಚಾರಿಕತೆಯಲ್ಲ. ಅರಿವಳಿಕೆ ಇಳಿಯಬೇಕಾದ ಹೊತ್ತು ದಾಟಿಯೂ ಕೆಳತುಟಿ ಮರಗಟ್ಟಿದ್ದರೆ ಇಂಪ್ಲಾಂಟ್ ನರವನ್ನು ಒತ್ತುತ್ತಿರಬಹುದು. 24ರಿಂದ 36 ಗಂಟೆಯೊಳಗೆ ತೆಗೆದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. "ಒಂದು ವಾರ ನೋಡೋಣ" ಎಂದು ಕಾದರೆ ಆ ಅವಕಾಶ ಕೈತಪ್ಪುತ್ತದೆ.

ಜೀವಕ್ಕೇ ಕುತ್ತು ತರುವ ತೊಂದರೆ ಇನ್ನೊಂದು, ಅದು ಸುಲಭವೆಂದು ತೋರುವ ಜಾಗದಲ್ಲೇ ಇದೆ. ಕೆಳದವಡೆಯ ಮುಂಭಾಗದಲ್ಲಿ ಡ್ರಿಲ್ ನಾಲಿಗೆಯ ಕಡೆಯ ಗೋಡೆ ತೂರಿದರೆ ಅಲ್ಲಿನ ರಕ್ತನಾಳ ಹರಿಯಬಹುದು. ರಕ್ತ ಹೊರಗೆ ಹೆಚ್ಚು ಕಾಣದೆ ಬಾಯಿಯ ತಳದಲ್ಲಿ ತುಂಬಿ, ನಾಲಿಗೆಯನ್ನು ಮೇಲೆತ್ತಿ ಉಸಿರುದಾರಿ ಮುಚ್ಚಬಹುದು. ನಾಲಿಗೆಯ ಕೆಳಗೆ ಊತ ಏರುತ್ತಿರುವುದು ಕಂಡರೆ ಎರಡೂ ಕೈಯಿಂದ ಒತ್ತಿ ಹಿಡಿದು ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಸಿಬಿಸಿಟಿಯಲ್ಲಿ ಆ ಗೋಡೆ ಎಲ್ಲಿ ಒಳಬಾಗಿದೆ ಎಂದು ಮೊದಲೇ ನೋಡಿದ್ದರೆ ಈ ಹಂತ ಬರುವುದು ವಿರಳ.

ಬೆರಳ ತುದಿಯಲ್ಲಿ ಹಿಡಿಯುವ ಪುಟ್ಟ ಸ್ಕ್ರೂಡ್ರೈವರ್ ಎಂಜಲಿಗೆ ಜಾರಿ ಗಂಟಲಿಗೆ ಬೀಳುವುದೂ ಉಂಟು. ಅದರ ಹಿಡಿಯ ತೂತಿಗೆ ಒಂದು ಉದ್ದ ಫ್ಲಾಸ್ ದಾರ ಕಟ್ಟುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಸುತ್ತಾರೆ.

ಎಷ್ಟು ಕಲಿತರೆ ಸಾಕು

ಪ್ಲಾಸ್ಟಿಕ್ ದವಡೆಯ ಮೇಲೆ ಎರಡು ದಿನ ಅಭ್ಯಾಸ ಮಾಡಿ ಪಡೆದ ಪ್ರಮಾಣಪತ್ರ ಪರಿಚಯಕ್ಕೆ ಸರಿ, ರೋಗಿಯ ಬಾಯಿಗೆ ಸಾಲದು. ಗಟ್ಟಿ ತರಬೇತಿ ತಿಂಗಳುಗಟ್ಟಲೆ ಹಬ್ಬಿರುತ್ತದೆ: ಪಾಠ, ಅಭ್ಯಾಸ, ಬೇರೆಯವರ ಕೆಲಸ ನೋಡುವುದು, ಆಮೇಲೆ ಅನುಭವಿ ಮಾರ್ಗದರ್ಶಕರು ಪಕ್ಕದಲ್ಲಿ ನಿಂತಿರುವಾಗ ತಮ್ಮ ರೋಗಿಗಳಿಗೆ ಹಾಕುವುದು. ಪ್ರತಿ ಕೇಸಿನ ಯೋಜನೆ, ಫೋಟೋ, ಎಕ್ಸ್-ರೇ, ನಂತರದ ತಪಾಸಣೆ ಎಲ್ಲ ದಾಖಲಾಗಬೇಕು. ಇಂಪ್ಲಾಂಟ್ ಕಂಪನಿಗಳು ನಡೆಸುವ ಕೋರ್ಸಿನಲ್ಲಿ ಆ ಕಂಪನಿಯ ಕಿಟ್ ಬಳಸುವುದು ಚೆನ್ನಾಗಿ ಬರುತ್ತದೆ, ಇಂಪ್ಲಾಂಟೇ ಬೇಡ ಎನ್ನಬೇಕಾದ ರೋಗಿಯನ್ನು ಗುರುತಿಸುವುದನ್ನು ಅಲ್ಲಿ ಎಷ್ಟು ಕಲಿಸುತ್ತಾರೆ ಎಂದು ಸೇರುವ ಮೊದಲು ನೋಡಬೇಕು.

ಐಟಿಐ ಎಂಬ ಅಂತರರಾಷ್ಟ್ರೀಯ ಇಂಪ್ಲಾಂಟ್ ಸಂಸ್ಥೆ ಕೇಸುಗಳನ್ನು ಸರಳ, ಮುಂದುವರಿದ, ಸಂಕೀರ್ಣ ಎಂದು ವಿಂಗಡಿಸುವ ಎಸ್‌ಎಸಿ ಪದ್ಧತಿ ರೂಪಿಸಿದೆ. ಬುನಾದಿ ತರಬೇತಿ ಮುಗಿಸಿದವರ ಪಾಲಿಗೆ ಸರಳವಾದವು ಮಾತ್ರ: ಹಿಂದಿನ ಒಂದು ಹಲ್ಲು ಇಲ್ಲದ, ಗಾಯ ಪೂರ್ತಿ ಮಾಗಿದ, ಮೂಳೆ ಧಾರಾಳವಾಗಿರುವ, ನಕ್ಕಾಗ ಕಾಣದ ಜಾಗ. ಹಲ್ಲು ಕಿತ್ತ ದಿನವೇ ಹಾಕುವುದು, ಮೂಳೆ ಕಸಿ, ಮೇಲ್ದವಡೆಯ ಹಿಂಭಾಗದ ಮೇಲಿರುವ ಸೈನಸ್ ಎಂಬ ಗಾಳಿಗೂಡಿನ ತಳ ಎತ್ತುವುದು, ಮುಂದಿನ ಹಲ್ಲು, ಇಡೀ ದವಡೆ, ಇವೆಲ್ಲ ಮುಂದಿನ ಹಂತದ ತರಬೇತಿಯವು. ಇವುಗಳನ್ನು ತಜ್ಞರ ಬಳಿ ಕಳಿಸುವ ಡಾಕ್ಟರನ್ನು ಕೆಲಸ ಬರದವರೆಂದು ತಿಳಿಯಬೇಡಿ. ಅವರು ಪಾಠವನ್ನು ಸರಿಯಾಗಿ ಕಲಿತವರು.

ಕೂರಿಸಿದ ಮೇಲೆ

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ಒಸಡು ಕೆಡಬಹುದು. ಒಸಡು ಮಾತ್ರ ಊದಿ ರಕ್ತ ಬಂದರೆ ಮ್ಯೂಕೊಸೈಟಿಸ್, ಚೊಕ್ಕಟ ಮಾಡಿದರೆ ವಾಸಿಯಾಗುತ್ತದೆ. ಮೂಳೆಯೂ ಕರಗತೊಡಗಿದರೆ ಪೆರಿ-ಇಂಪ್ಲಾಂಟೈಟಿಸ್, ಇದನ್ನು ನಿಲ್ಲಿಸುವುದು ಕಷ್ಟ, ನೋವಂತೂ ಬಹಳ ದಿನ ಕಾಣದು. ಮೂಳೆ ಇಳಿದಿದೆಯೇ ಎಂದು ಹೇಳಲು ಹೋಲಿಕೆಗೆ ಹಳೆಯ ಚಿತ್ರ ಬೇಕು. ಕ್ರೌನ್ ಕೂರಿಸಿದ ದಿನವೇ ಒಂದು ಎಕ್ಸ್-ರೇ ತೆಗೆದು, ಒಸಡಿನ ಆಳ ಅಳೆದು ಬರೆದಿಡಬೇಕು ಎನ್ನುವುದು ಇದಕ್ಕೇ.

ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿಯ ಹೆಸರು, ಮಾದರಿ, ವ್ಯಾಸ, ಉದ್ದ, ಲಾಟ್ ನಂಬರ್ ಇರುವ ಅಂಟುಚೀಟಿ ಇರುತ್ತದೆ. ಅದರ ಒಂದು ಪ್ರತಿ ಡಾಕ್ಟರ ಫೈಲಿಗೆ ಹೋಗಬೇಕು, ಇನ್ನೊಂದು ನಿಮ್ಮ ಕೈಗೆ ಬರಬೇಕು. ಒಂದು ಕಂಪನಿಯ ಸ್ಕ್ರೂವಿಗೆ ಇನ್ನೊಂದರ ಡ್ರೈವರ್ ಹೊಂದದೇ ಇರಬಹುದು. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಸ್ಕ್ರೂ ಸಡಿಲವಾದರೆ, ಅಲ್ಲಿನ ಡಾಕ್ಟರು ಯಾವ ಡ್ರೈವರ್ ತರಿಸಬೇಕು ಎಂದು ಹೇಳುವುದು ಆ ಚೀಟಿ. ಕೊಡದಿದ್ದರೆ ಕೇಳಿ ಪಡೆಯಿರಿ.